ಐದು ಲಕ್ಷ ಬೇಡವೆಂದ ಹುಡುಗಿ

(ಯಾದಗಿರಿಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ. ಇದೇ ಮಾತನ್ನು ಶಹಾಪುರ, ಸುರಪುರಗಳಲ್ಲಿಯೂ ಆಡಿದ್ದರಿಂದ ಅಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದುಕೊಡಲಾಗಿದೆ.)



ಸಭೆಗೆ ಬರುವ ಮುಂಚೆ ಸ್ಟೇಷನ್ನಿನ ಹತ್ತಿರ ಚಹ ಕುಡಿಯುತ್ತ ನಿಂತಿದ್ದೆವು. ಹಮಾಲಿ ಮಾಡುವ ಗೆಳೆಯರೊಬ್ಬರು ಬಂದು, "ಇವತ್ತ ಯಾವುದರ ಮ್ಯಾಲ ಮಾತಾಡ್ತೀರಿ ಮಾಸ್ತರ್ರ, ಕೂಲಿ ಮ್ಯಾಲೋ ತೊಗರಿ ರೇಟಿನ ಮ್ಯಾಲೋ?" ಎಂದು ಕೇಳಿದರು. "ಹುಡುಗೇರ ಖೋ ಖೋ ಮ್ಯಾಲ" ಎಂದೆವು. ಅವರು ಬಾಯಿಯ ಬೀಡಿ ಕೆಳಗಿಳಿಸಿ ನಮ್ಮ ಮುಖ ನೋಡಿದರು. ಮಾಸ್ತರಿಕೆ ಬಿಟ್ಟು ಇಷ್ಟು ವರ್ಷವಾದರೂ ಇವರ ತಲೆಯಿಂದ ಶಾಲೆಯ ಗಂಟೆ ಇಳಿದಿಲ್ಲ ಎಂದುಕೊಂಡಿರಬೇಕು. ಅವರೂ ಈಗ ಇಲ್ಲಿಯೇ ಕುಳಿತಿದ್ದಾರೆ. ಇಂದಿನ ಮಾತು ಖೋ ಖೋ ಮೇಲೆಯೂ ಹೌದು, ಕೂಲಿಯ ಮೇಲೆಯೂ ಹೌದು.

ಮೊದಲು ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇವೆ.

2025ನೆಯ ಇಸವಿ ಜನವರಿ 13ರಿಂದ 19ರವರೆಗೆ ದಿಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಖೋ ಖೋ ಆಟದ ಮೊಟ್ಟಮೊದಲ ವಿಶ್ವಕಪ್ ಪಂದ್ಯಗಳು ನಡೆದವು. ಗಂಡಸರ ಪಂದ್ಯ ಬೇರೆ, ಹೆಂಗಸರ ಪಂದ್ಯ ಬೇರೆ. ಹೆಂಗಸರ ವಿಭಾಗಕ್ಕೆ 19 ದೇಶಗಳ ತಂಡಗಳು ಬಂದಿದ್ದವು. ನಮ್ಮ ದೇಶದ ಹುಡುಗಿಯರ ತಂಡಕ್ಕೆ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ ನಾಯಕಿ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 175ಕ್ಕೆ 18ರಿಂದ ಸೋಲಿಸಿದರು. ಆಮೇಲೆ ಇರಾನ್, ಮಲೇಷ್ಯಾ. ಎಂಟರ ಘಟ್ಟದಲ್ಲಿ ಬಾಂಗ್ಲಾದೇಶ, ನಾಲ್ಕರ ಘಟ್ಟದಲ್ಲಿ ದಕ್ಷಿಣ ಆಫ್ರಿಕಾ. 19ನೆಯ ತಾರೀಖು ಕೊನೆಯ ಪಂದ್ಯದಲ್ಲಿ ನೇಪಾಳವನ್ನು 78ಕ್ಕೆ 40ರಿಂದ ಗೆದ್ದು ಕಪ್ಪು ತಂದರು. ಗಂಡಸರೂ ಅದೇ ದಿನ ಅದೇ ನೇಪಾಳದ ಮೇಲೆ ಗೆದ್ದರು.

ಆ ಹುಡುಗಿಯರ ತಂಡದಲ್ಲಿ ಕನ್ನಡ ನಾಡಿನವಳು ಒಬ್ಬಳೇ. ಹೆಸರು ಚೈತ್ರಾ. ಮೈಸೂರು ಜಿಲ್ಲೆ, ತಿರುಮಕೂಡಲು ನರಸೀಪುರ ತಾಲ್ಲೂಕು, ಕುರುಬೂರು ಅವಳ ಊರು. ಕಾವೇರಿಯೂ ಕಪಿಲೆಯೂ ಕೂಡುವ ಸೀಮೆ. ರೈತರ ಮನೆಯ ಮಗಳು. ಕೊನೆಯ ಪಂದ್ಯದಲ್ಲಿ ಅವಳು ಮಾಡಿದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಖೋ ಖೋ ನಿಮಗೆ ನಾವು ಕಲಿಸಬೇಕಾದ ಆಟವಲ್ಲ. ಎರಡು ಕಂಬ, ನಡುವೆ ಒಂದು ಗೆರೆ, ಆ ಗೆರೆಯ ಮೇಲೆ ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಮಾಡಿ ಕುಳಿತ ಸಾಲು. ಬೆನ್ನಟ್ಟುವವಳು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ತನ್ನಿಂದಾಗದಿದ್ದರೆ ಕುಳಿತವಳ ಬೆನ್ನು ಮುಟ್ಟಿ "ಖೋ" ಎನ್ನಬೇಕು, ತಾನು ಅವಳ ಜಾಗದಲ್ಲಿ ಕೂಡಬೇಕು. ಓಡುವವರಿಗೆ ಆ ಕಟ್ಟುಪಾಡಿಲ್ಲ. ಸಾಲಿನ ನಡುವೆ ನುಸುಳಿ ಹೇಗೆ ಬೇಕಾದರೂ ಓಡಬಹುದು. ಆದರೆ ಓಡುವವರು ಒಮ್ಮೆಗೆ ಮೂವರೇ, ಬೆನ್ನಟ್ಟುವ ಕಡೆ ಇಡೀ ಸಾಲು. ದಿಲ್ಲಿಯಲ್ಲಿ ಆಡಿದ್ದು ಚಿಕ್ಕದಾಗಿ ಕಟ್ಟಿದ ಆಟ, ಏಳೇಳು ನಿಮಿಷದ ನಾಲ್ಕು ಸರದಿ. ಹಿಡಿದವರಿಗೆ ಅಂಕ ಬರುವುದು ಹಳೆಯ ಪದ್ಧತಿ. ಇಲ್ಲಿ, ನಿಗದಿಯಾದ ಹೊತ್ತು ಮೀರಿ ಕೈಗೆ ಸಿಗದೆ ಓಡಿದರೆ ಓಡುವವರಿಗೂ ಅಂಕ.

ನೇಪಾಳದ ಮೇಲೆ ಮೊದಲ ಸರದಿಯಲ್ಲಿಯೇ ನಮ್ಮವರು 34 ಅಂಕ ಮಾಡಿದರು, ನೇಪಾಳದ್ದು ಸೊನ್ನೆ. ಎರಡನೆಯ ಸರದಿಯಲ್ಲಿ ನೇಪಾಳದ ಹುಡುಗಿಯರು ಬೆನ್ನಟ್ಟಿ 24ಕ್ಕೆ ಬಂದರು. ಮೂರನೆಯದರಲ್ಲಿ ನಮ್ಮವರದು 73. ನಾಲ್ಕನೆಯ ಸರದಿಗೆ ನಮ್ಮವರು ಓಡಬೇಕು. ಚೈತ್ರಾಳ ಗುಂಪು ಇಳಿಯಿತು. 5 ನಿಮಿಷ 14 ಸೆಕೆಂಡು ಆ ಗುಂಪು ಪೂರ್ತಿ ಕೈಗೆ ಸಿಗಲಿಲ್ಲ. ಐದು ನಿಮಿಷ ಎಂದರೆ ಮಾತಿನಲ್ಲಿ ಸಣ್ಣದು. ಇಲ್ಲಿ ಕುಳಿತವರು ಯಾರಾದರೂ ನಾಳೆ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ಐದು ನಿಮಿಷ, ಹಾವಿನಂತೆ ಹೊರಳುತ್ತ, ಒಂದು ತಂಡ ಬೆನ್ನ ಹಿಂದೆ ಇರುವಾಗ ಓಡಿ ನೋಡಿರಿ. ಆ ಪಂದ್ಯದ ಅತ್ಯುತ್ತಮ ಆಟಗಾರ್ತಿ ಎಂದು ಅವಳನ್ನೇ ಆರಿಸಿದರು.

ಕಪ್ಪು ಗೆದ್ದ ಮೂರು ನಾಲ್ಕು ದಿನಗಳಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಅವರೂ ಮೈಸೂರು ಜಿಲ್ಲೆಯವರೇ, ಚೈತ್ರಾಳಿಗೂ ಗಂಡಸರ ತಂಡದಲ್ಲಿದ್ದ ಕನ್ನಡಿಗ ಗೌತಮರಿಗೂ ತಲಾ 5 ಲಕ್ಷ ರೂಪಾಯಿ ಬಹುಮಾನ ಸಾರಿದರು. ಹೆಣ್ಣಿಗೊಂದು ಗಂಡಿಗೊಂದು ದರ ಮಾಡಲಿಲ್ಲ. ಅಷ್ಟು ಒಳ್ಳೆಯ ಮಾತನ್ನು ಹೇಳಲೇಬೇಕು. ಇಬ್ಬರೂ ಬೆಂಗಳೂರಿನಲ್ಲಿ ಪತ್ರಿಕೆಯವರನ್ನು ಕರೆದು, ಈ ಹಣ ನಮಗೆ ಬೇಡ ಎಂದುಬಿಟ್ಟರು. ಇದೇ ತಂಡದಲ್ಲಿ, ಇದೇ ಕಪ್ಪು ಗೆದ್ದ ಮಹಾರಾಷ್ಟ್ರದ ಆಟಗಾರರಿಗೆ ಅಲ್ಲಿಯ ಸರ್ಕಾರ 2.25 ಕೋಟಿ ರೂಪಾಯಿಯನ್ನೂ ಮೇಲ್ದರ್ಜೆಯ ಸರ್ಕಾರಿ ನೌಕರಿಯನ್ನೂ ಕೊಡುತ್ತಿದೆ. ನಮಗೆ ಗೌರವದ ಬಹುಮಾನ ಕೊಡಿ, ನೌಕರಿ ಕೊಡಿ ಎಂಬುದು ಅವರ ಮಾತು.

ಸುದ್ದಿ ಬಂದಾಗ ಇದೇ ಊರಿನಲ್ಲಿ ಜನ ಆಡಿದ ಮಾತು ನಮಗೆ ನೆನಪಿದೆ. "ಐದು ಲಕ್ಷ ರೊಕ್ಕ ಒಲ್ಲೆ ಅಂತಾಳಂತ! ನಾವು ಹುಟ್ಟಾಗಿನಿಂದ ಸಾಯೋತನಕ ಒಂದs ಸಲಕ್ಕ ಐದು ಲಕ್ಷ ಕಣ್ಣಲೆ ನೋಡಂಗಿಲ್ಲ." ಹೀಗೆ ಹೇಳಿದವರು ಜಿನ್ನಿಂಗ್ ಗಿರಣಿಯಲ್ಲಿ ದುಡಿಯುವ ಒಬ್ಬ ತಾಯಿ. ಆ ಮಾತನ್ನು ಹಗುರಾಗಿ ತಳ್ಳಿಹಾಕಲು ನಮಗೆ ಸಾಧ್ಯವಿಲ್ಲ. ಹತ್ತಿಯ ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಸಂಜೆಯವರೆಗೆ ನಿಂತವರಿಗೆ, ಐದು ಲಕ್ಷ ಎಂದರೆ ಮನೆಗೊಂದು ಸ್ಲಾಬು, ಮಗಳ ಮದುವೆ, ತೀರಿದ ಸಾಲ. ಬೇಡವೆನ್ನುವ ಹಕ್ಕು ಹೊಟ್ಟೆ ತುಂಬಿದವರಿಗೆ ಮಾತ್ರ ಎಂದು ಅವರಿಗೆ ಅನಿಸಿದರೆ ತಪ್ಪೇನೂ ಇಲ್ಲ.

ಆದರೆ ನಾವು ಆ ತಾಯಿಗೆ ಕೇಳಿದ್ದು ಇಷ್ಟು. ನೀವೂ ಇನ್ನೊಬ್ಬಳೂ ಒಂದೇ ಹೊಲದಲ್ಲಿ ಹತ್ತಿ ಬಿಡಿಸಿದಿರಿ. ಒಂದೇ ಸಾಲು, ಒಂದೇ ಹೊತ್ತು, ಒಂದೇ ತೂಕ. ಸಂಜೆ ಲೆಕ್ಕ ಮಾಡುವಾಗ ಅವಳಿಗೆ ಕಿಲೋಕ್ಕೆ ಒಂದು ದರ, ನಿಮಗೆ ಅದರಲ್ಲಿ ನಲವತ್ತೈದನೆಯ ಒಂದು ಪಾಲು. ಏಕೆ ಎಂದು ಕೇಳಿದರೆ, ಅವಳು ಹಳ್ಳದ ಆಚೆಯ ಊರಿನವಳು, ನೀನು ಈಚೆಯವಳು ಎಂಬ ಉತ್ತರ. ತಗೊಳ್ಳುತ್ತೀರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗೋತೀನ್ರಿ, ಸಂಜೀಕ ಹಿಟ್ಟು ಬೇಕಲ್ಲ. ಆದರ ಬೈಕೋತ ತಗೋತೀನಿ" ಎಂದರು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನಮಗೆ ಇನ್ನೆಲ್ಲಿಯೂ ಸಿಗಲಿಲ್ಲ. ಆ ಇಬ್ಬರು ಆಟಗಾರರು ಮಾಡಿದ್ದು ಇಷ್ಟೇ ವ್ಯತ್ಯಾಸ: ಬೈಯುತ್ತ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳದೆ ಕೇಳಿದರು.

ಈಗ ಹಳ್ಳದ ಆಚೆ ಈಚೆ ಎಂಬ ಮಾತು ಬಂತಲ್ಲ. ಅದನ್ನು ನಾವು ಬಾಯಿಗೆ ಬಂದಂತೆ ಆಡಿದ್ದಲ್ಲ. ನಮ್ಮ ಸೀಮೆಯಿಂದ ಪ್ರತಿವರ್ಷ ಎಷ್ಟೋ ಜನ ಅಂಬಾಭವಾನಿಯ ದರ್ಶನಕ್ಕೆ ತುಳಜಾಪುರಕ್ಕೆ ಹೋಗುತ್ತೀರಿ. ಆ ತುಳಜಾಪುರ ಇರುವುದು ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಈಗ ಅದಕ್ಕೆ ಧಾರಾಶಿವ ಎಂದು ಹೆಸರು. ನಿಜಾಮರ ಕಾಲದಲ್ಲಿ ಗುಲ್ಬರ್ಗಾ, ಉಸ್ಮಾನಾಬಾದ್ ಎರಡೂ ಒಂದೇ ಸಂಸ್ಥಾನದ ಜಿಲ್ಲೆಗಳು. ಅದೇ ಬರ, ಅದೇ ಜೋಳ, ಅದೇ ಜಹಗೀರು. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಅವರು ಮುಂಬಯಿ ರಾಜ್ಯಕ್ಕೆ ಹೋದರು, ನಾವು ಮೈಸೂರಿಗೆ ಬಂದೆವು.

ಆ ಉಸ್ಮಾನಾಬಾದಿನ ಮಗಳು ಸಾರಿಕಾ ಕಾಳೆ. 2016ರಲ್ಲಿ ಗುವಾಹಟಿಯಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ಹೆಂಗಸರ ಖೋ ಖೋ ತಂಡದ ನಾಯಕಿಯಾಗಿ ಚಿನ್ನ ಗೆದ್ದವಳು. ಹಲವು ವರ್ಷ ಮನೆಯಲ್ಲಿ ದಿನಕ್ಕೆ ಒಂದೇ ಹೊತ್ತಿನ ಊಟವಿತ್ತು ಎಂದು ಅವಳೇ ಹೇಳಿಕೊಂಡಿದ್ದಾಳೆ. 2020ರಲ್ಲಿ ಅವಳಿಗೆ ಅರ್ಜುನ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು, ನಮ್ಮ ಲೆಕ್ಕದಲ್ಲಿ, ಅವಳಿಗೆ ಸರ್ಕಾರದ ತಾಲ್ಲೂಕು ಕ್ರೀಡಾಧಿಕಾರಿಯ ನೌಕರಿ ಸಿಕ್ಕಿತು, ಅದೂ ತುಳಜಾಪುರದಲ್ಲಿಯೇ. ತಿಂಗಳು ತಿಂಗಳು ಸಂಬಳ. ಒಂದು ಹೊತ್ತು ಉಂಡ ಮನೆಯವಳು ಮೇಜಿನ ಈಚೆ ಕುಳಿತು ಇತರ ಹುಡುಗಿಯರ ಅರ್ಜಿ ನೋಡುವವಳಾದಳು. 1956ರ ಗೆರೆಯ ಆ ಬದಿಯಲ್ಲಿ ಹುಟ್ಟಿದ್ದಕ್ಕೆ ಹೀಗಾಯಿತು. ಈ ಬದಿಯಲ್ಲಿ ಹುಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿರಿ.

ನೌಕರಿಗೂ ಬಹುಮಾನಕ್ಕೂ ಇರುವ ಅಂತರ ನಿಮಗೆ ತಿಳಿಯದ್ದಲ್ಲ. ದೀಪಾವಳಿಗೆ ಮಾಲಕರು ಕೈಯೆತ್ತಿ ಕೊಡುವ ಖುಷಿಯೂ ಬೋನಸ್ಸೂ ಒಂದೇ ಅಲ್ಲ ಎಂದು ದೇಶದ ಗಿರಣಿ ಕಾರ್ಮಿಕರು ಎಷ್ಟು ವರ್ಷ ಹೊಡೆದಾಡಿದರು! 1965ರಲ್ಲಿ ಬೋನಸ್ ಕಾಯಿದೆ ಆದ ಮೇಲೆ ಅದು ಲೆಕ್ಕದ ವಿಷಯವಾಯಿತು. ಅದಕ್ಕೆ ಮುಂಚೆ ಮುಖ ನೋಡಿ ಮಣೆ. ಈ ಸೀಮೆಯಲ್ಲಿ ಇನಾಮು ಎಂಬ ಶಬ್ದ ಮುದುಕರಿಗೆಲ್ಲ ಗೊತ್ತು. ದೊರೆ ಮೆಚ್ಚಿದರೆ ಹೊಲ, ಮುನಿದರೆ ಹೊಲ ಹೋಯಿತು. ಹೈದರಾಬಾದ್ ಸಂಸ್ಥಾನದ ಜಹಗೀರುಗಳನ್ನು 1949ರಲ್ಲಿ ತೆಗೆದುಹಾಕಿದರು. ಆದರೆ ಇನಾಮು ಕೊಡುವ ಮನಸ್ಸು ಅಷ್ಟು ಬೇಗ ಹೋಗುವುದಲ್ಲ. ಆಟ ಗೆದ್ದು ಬಂದವರಿಗೆ ಹಾರ ಹಾಕಿ, ಫೋಟೋ ಹಿಡಿಸಿ, ನಿಂತ ನಿಲುವಿನಲ್ಲಿ ಒಂದು ಅಂಕಿ ಹೇಳುವುದು ಇನಾಮಿನ ರೀತಿಯೇ. ಈ ಪಕ್ಷದ ಸರ್ಕಾರ ಆ ಪಕ್ಷದ ಸರ್ಕಾರ ಎಂದಿಲ್ಲ, ಎಲ್ಲರೂ ಇದನ್ನೇ ಮಾಡುತ್ತ ಬಂದಿದ್ದಾರೆ.

ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟಗಳಲ್ಲಿ ಪದಕ ಗೆದ್ದರೆ ಎಷ್ಟು ಎಂದು ಸರ್ಕಾರಗಳು ಮೊದಲೇ ಪಟ್ಟಿ ಮಾಡಿರುತ್ತವೆ. ಖೋ ಖೋ ಆ ಎರಡರಲ್ಲಿಯೂ ಪದಕದ ಆಟವಲ್ಲ. ಆದ್ದರಿಂದ ಖೋ ಖೋ ಆಡುವವಳು ಗೆದ್ದು ಬಂದ ಮೇಲೆ ತನ್ನ ದರ ಏನೆಂದು ಪತ್ರಿಕೆಯಲ್ಲಿ ಓದಿ ತಿಳಿಯಬೇಕು. ಕಬಡ್ಡಿಯವರ ಸ್ಥಿತಿ ಇದಕ್ಕಿಂತ ವಾಸಿ. 2010ರಿಂದ ಹೆಂಗಸರ ಕಬಡ್ಡಿಯೂ ಏಷ್ಯನ್ ಕ್ರೀಡಾಕೂಟದಲ್ಲಿದೆ. ರೈಲ್ವೆಯವರು ಆಟಗಾರ್ತಿಯರಿಗೆ ಕೆಲಸ ಕೊಡುತ್ತ ಬಂದಿದ್ದಾರೆ. ಕಾರ್ಕಳದ ಕಡೆಯ ಮಮತಾ ಪೂಜಾರಿ ರೈಲ್ವೆ ನೌಕರಿಯಲ್ಲಿದ್ದುಕೊಂಡೇ ದೇಶಕ್ಕೆ ಆಡಿದವರು. 2012ರಲ್ಲಿ ಪಾಟ್ನಾದಲ್ಲಿ ಹೆಂಗಸರ ಮೊದಲ ಕಬಡ್ಡಿ ವಿಶ್ವಕಪ್ಪನ್ನು ಇರಾನಿನ ಮೇಲೆ ಗೆದ್ದ ತಂಡದವರು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಎರಡನೆಯ ಸಲವೂ ಕಪ್ಪು ನಮ್ಮದಾಯಿತು. ಬೆನ್ನಿಗೆ ನೌಕರಿ ಇದ್ದವಳು ಮೂವತ್ತರವರೆಗೆ ಆಡಬಲ್ಲಳು. ಇಲ್ಲದವಳು ಇಪ್ಪತ್ತೆರಡಕ್ಕೆ ಮದುವೆಯಾಗಿ ಹೋಗುತ್ತಾಳೆ.

ಶಹಾಪುರದಲ್ಲಿ ಒಬ್ಬ ವ್ಯಾಪಾರಿ ಗೆಳೆಯರು ಎದ್ದು ನಿಂತು ಬೇರೆ ಪ್ರಶ್ನೆ ಹಾಕಿದರು. ಕಿರಾಣಿ ಅಂಗಡಿಯವರು, ಲೆಕ್ಕದಲ್ಲಿ ಬಹಳ ಚುರುಕು. "ಮಾಸ್ತರ್ರ, ಸರ್ಕಾರದ ರೊಕ್ಕ ಅಂದ್ರ ನಮ್ಮ ಟ್ಯಾಕ್ಸಿನ ರೊಕ್ಕ. ಒಬ್ಬೊಬ್ಬರಿಗೆ ಎರಡೂಕಾಲು ಕೋಟಿ ಕೊಡೋದು ಸರಿ ಅಂತೀರೇನು? ನಮ್ಮೂರ ಸಾಲಿಗೆ ಕಂಪೌಂಡ ಇಲ್ಲ." ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾವೂ ಮನಸ್ಸಿನಲ್ಲಿ ತಟ್ಟಿದೆವು ಎಂದೇ ಹೇಳಬೇಕು.

ಅವರಿಗೆ ಕೊಟ್ಟ ಉತ್ತರ ಇದು. ಎರಡೂಕಾಲು ಕೋಟಿ ಸರಿ ಎಂದು ನಾವು ಹೇಳುವುದಿಲ್ಲ. ನೆರೆಯ ರಾಜ್ಯ ಒಂದು ಕೂಗಿದರೆ ಈ ರಾಜ್ಯ ಎರಡು ಕೂಗಬೇಕು ಎಂಬುದು ಅಡತಿಯ ಸವಾಲು. ಅದರಲ್ಲಿ ಆಟವೂ ಇಲ್ಲ, ನ್ಯಾಯವೂ ಇಲ್ಲ. ಐದು ಲಕ್ಷ ಸಣ್ಣ ಇನಾಮು, ಎರಡೂಕಾಲು ಕೋಟಿ ದೊಡ್ಡ ಇನಾಮು. ನಮಗೆ ಬೇಕಾದದ್ದು ಬೇರೆ: ದೇಶಕ್ಕೆ ಆಡಿದವಳಿಗೆ ಓದಿಗೆ ತಕ್ಕ ನೌಕರಿ, ಅದರ ನಿಯಮ ಆಟಕ್ಕೆ ಮುಂಚೆ ಬರೆದು ಗೋಡೆಗೆ ಅಂಟಿಸಿರಬೇಕು, ಎಲ್ಲ ರಾಜ್ಯಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಕೋಟಿಯಲ್ಲಿ ಉಳಿದದ್ದು ಶಾಲೆಯ ಕಂಪೌಂಡಿಗೆ, ಮೈದಾನಕ್ಕೆ ಹೋಗಲಿ. ಚೈತ್ರಾ, ಗೌತಮ ಇಬ್ಬರೂ ಕೇಳಿದ್ದರಲ್ಲಿ ಹಣವೂ ಇತ್ತು, ನೌಕರಿಯೂ ಇತ್ತು. ನೌಕರಿಯ ಮಾತಿಗೆ ನಾವು ಎರಡೂ ಕೈ ಎತ್ತುತ್ತೇವೆ, ಹಣದ ಮಾತಿಗೆ ಒಂದೇ ಕೈ. ಅಂಗಡಿಯ ಗೆಳೆಯರು ಪೂರ್ತಿ ಒಪ್ಪಲಿಲ್ಲ. "ನೌಕರಿನೂ ರೊಕ್ಕನs ಅಲ್ಲೇನ್ರಿ" ಎಂದು ಕುಳಿತರು.

ಇನ್ನೊಂದು ಮಾತು ಹುಡುಗರಿಂದ ಬಂತು. ಇದೆಂಥ ವಿಶ್ವಕಪ್ಪು, ಕೊರಿಯಾದವರಿಗೆ ಆಟವೇ ಬರುವುದಿಲ್ಲ, 175ಕ್ಕೆ 18 ಎಂದರೆ ಅದು ಪಂದ್ಯವೇ, ಎಂದು. ಮಾತಿನಲ್ಲಿ ಹುರುಳಿದೆ. ಕೊನೆಗೆ ಒಂದಿಷ್ಟು ಬೆವರಿಳಿಸಿದವರು ನೇಪಾಳದವರು ಮಾತ್ರ. ಆದರೆ ಹೊರದೇಶದ ಆಟಗಳೂ ಹುಟ್ಟುವಾಗ ಹೀಗೆಯೇ ಇದ್ದವು. ಹ್ಯಾಂಡ್‌ಬಾಲ್ ಎಂಬ ಆಟವಿದೆ. ಒಂದು ಕಡೆ ಏಳು ಜನ. ಫುಟ್‌ಬಾಲಿನಂತೆಯೇ ಗೋಲು, ಆದರೆ ಚೆಂಡನ್ನು ಕಾಲಿನಿಂದಲ್ಲ, ಕೈಯಿಂದ ಎಸೆದು ಹೊಗಿಸಬೇಕು. ಅದರ ಹೆಂಗಸರ ವಿಶ್ವ ಪಂದ್ಯಾವಳಿ ಒಳಾಂಗಣದಲ್ಲಿ ಮೊದಲು ನಡೆದದ್ದು 1957ರಲ್ಲಿ, ಯುಗೋಸ್ಲಾವಿಯಾದಲ್ಲಿ. ಬಂದವರೆಲ್ಲ ಯೂರೋಪಿನವರೇ, ಗೆದ್ದವರು ಚೆಕೊಸ್ಲೊವಾಕಿಯಾದವರು. ಅದಕ್ಕೆ ಒಲಿಂಪಿಕ್ಸಿನ ಬಾಗಿಲು ತೆರೆಯಲು 1976ರವರೆಗೆ ಕಾಯಬೇಕಾಯಿತು. 2025ರ ಕೊನೆಯಲ್ಲಿ ಜರ್ಮನಿ, ನೆದರ್‌ಲ್ಯಾಂಡ್ಸ್ ಎರಡೂ ಸೇರಿ ನಡೆಸಿದ ಪಂದ್ಯಾವಳಿಗೆ 32 ದೇಶ ಬಂದಿದ್ದವು. ನಮ್ಮ ಖೋ ಖೋ ಆಟವನ್ನು ಅಮರಾವತಿಯ ವ್ಯಾಯಾಮ ಮಂಡಳಿಯವರು 1936ರಲ್ಲಿಯೇ ಬರ್ಲಿನ್ನಿಗೆ ಹೋಗಿ, ಒಲಿಂಪಿಕ್ಸಿನ ಹೊತ್ತಿಗೆ ಆಡಿ ತೋರಿಸಿ ಬಂದಿದ್ದರು. ಅಲ್ಲಿಂದ ವಿಶ್ವಕಪ್ಪಿಗೆ 89 ವರ್ಷ. ಕೊರಿಯಾದವರಿಗೂ ನಾಲ್ಕು ವರ್ಷ ಕೊಡೋಣ.

ಹ್ಯಾಂಡ್‌ಬಾಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಆ ಆಟವನ್ನು ಸಮುದ್ರದ ದಂಡೆಯ ಮರಳಿನಲ್ಲಿಯೂ ಆಡುತ್ತಾರೆ. 2021ರಲ್ಲಿ ಬಲ್ಗೇರಿಯಾದಲ್ಲಿ ನಡೆದ ಯೂರೋಪಿನ ಪಂದ್ಯದಲ್ಲಿ ನಾರ್ವೆಯ ಹುಡುಗಿಯರು, ನಿಯಮದಲ್ಲಿ ಬರೆದಿದ್ದ ತುಂಡು ಉಡುಪನ್ನು ನಾವು ಹಾಕುವುದಿಲ್ಲ ಎಂದು ಚಡ್ಡಿ ಹಾಕಿಕೊಂಡು ಆಡಿದರು. ಗಂಡಸರಿಗೆ ಚಡ್ಡಿ ನಡೆಯುತ್ತಿತ್ತು, ಹೆಂಗಸರಿಗೆ ನಡೆಯುತ್ತಿರಲಿಲ್ಲ! ಸಂಘದವರು 1,500 ಯೂರೋ ದಂಡ ಹಾಕಿದರು. ದಂಡವಾಗಲಿ ಎಂದು ಅವರು ಹಿಂದೆಗೆಯಲಿಲ್ಲ. ಕೆಲವೇ ತಿಂಗಳಲ್ಲಿ ವಿಶ್ವ ಸಂಘ ನಿಯಮವನ್ನೇ ಬದಲಾಯಿಸಿತು. ನಮ್ಮ ಹಳ್ಳಿಗಳಲ್ಲಿ ಇದು ತಿರುಗುಮುರುಗು. ಎಂಟನೆಯ ಇಯತ್ತೆಯ ಹುಡುಗಿ ಚಡ್ಡಿ ಹಾಕಿ ಓಡಿದರೆ ಊರಿನ ಮಂದಿಗೆ ಆಗುವುದಿಲ್ಲ. ಲಂಗ ಹಾಕಿ ಓಡಿದರೆ ಕಾಲು ತೊಡರುತ್ತದೆ. ಅಲ್ಲಿ ಕಡಿಮೆ ಉಡು ಎಂದರು, ಇಲ್ಲಿ ಹೆಚ್ಚು ಉಡು ಎನ್ನುತ್ತಾರೆ. ಎರಡೂ ಕಡೆ ಓಡುವವಳನ್ನು ಕೇಳಿದವರಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ಮೈಸೂರಿನ ಚೈತ್ರಾ, ಧಾರಾಶಿವದ ಸಾರಿಕಾ ಎಂದು ಊರೂರಿನ ಹೆಸರು ಹೇಳಿದೆವು. ಯಾದಗಿರಿ, ಶಹಾಪುರ, ಸುರಪುರಗಳ ಹೆಸರು ಈ ಪಟ್ಟಿಯಲ್ಲಿ ಏಕಿಲ್ಲ? ನಮ್ಮ ಹುಡುಗಿಯರಿಗೆ ಕಾಲಿಲ್ಲವೆ? ಇದಕ್ಕೆ ಉತ್ತರ ಹುಡುಕಲು ನಾವು ದಿಲ್ಲಿಗೆ ಹೋಗಬೇಕಾಗಿಲ್ಲ. ನಮ್ಮದೇ ಹಳೆಯ ತಪ್ಪೊಂದನ್ನು ಹೇಳಿದರೆ ಸಾಕು.

ನಾವು ಮೆಟ್ರಿಕ್‌ಗಿಂತ ಮುಂದೆ ಓದಿದವರಲ್ಲ. ಪಕ್ಷದ ಕೆಲಸಕ್ಕೆ ಬರುವ ಮುಂಚೆ ಕೆಲವು ವರ್ಷ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಅಲ್ಲಿ ಒಬ್ಬಳು ಹುಡುಗಿ ಇದ್ದಳು. ಎರೆ ಮಣ್ಣಿನ ಅಂಗಳ. ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಂಥ ನೆಲದಲ್ಲಿ ಬರಿಗಾಲಿನಲ್ಲಿ ಆ ಹುಡುಗಿ ಕಂಬ ಸುತ್ತಿ ಹೊರಳುವುದನ್ನು ನೋಡಿದರೆ, ಅಂಗಳದ ಆಚೆ ಎತ್ತು ಹೊಡೆದುಕೊಂಡು ಹೋಗುವವರು ನಿಂತು ನೋಡುತ್ತಿದ್ದರು. ಅವಳಿದ್ದ ಪಾಳಿ ಯಾವತ್ತೂ ಸೋಲಲಿಲ್ಲ. ತಾಲ್ಲೂಕು ಮಟ್ಟದ ಆಟಗಳಿಗೆ ತಂಡ ಕಳುಹಿಸಬೇಕಾಗಿ ಬಂತು. ಶ್ರಾವಣ ಕಳೆದು ಹೆಸರು ಬಿಡಿಸುವ ಸುಗ್ಗಿ. ತಾಯಿ, "ಎರಡು ದಿನ ಈಕಿ ಇಲ್ಲಂದ್ರ ನನಗ ಎರಡು ದಿನದ ಕೂಲಿ ಹೋಗತದ ಮಾಸ್ತರ್ರ, ಸಣ್ಣ ಕೂಸಿನ್ನ ಯಾರು ನೋಡಬೇಕು" ಎಂದರು. ಹುಡುಗಿಯರ ಜೊತೆಗೆ ಹೋಗಲು ಹೆಂಗಸು ಮಾಸ್ತರು ಶಾಲೆಯಲ್ಲಿ ಒಬ್ಬರೂ ಇರಲಿಲ್ಲ. ಬಸ್ಸಿನ ಖರ್ಚಿಗೆ ಏನು ಎಂದು ಮೇಲಿನವರನ್ನು ಕೇಳಿದರೆ, ಹುಡುಗರ ತಂಡ ಕಳಿಸಿರಿ ಸಾಕು ಎಂದರು. ನಾವೂ ಸರಿ ಎಂದೆವು. ಹುಡುಗರ ತಂಡ ಹೋಗಿ ಮೊದಲ ಪಂದ್ಯದಲ್ಲಿಯೇ ಸೋತು ಬಂತು.

ಅಂದು ನಮ್ಮ ಕಿಸೆಯಲ್ಲಿ ಬಸ್ಸಿನ ಖರ್ಚಿಗೆ ಬೇಕಾದಷ್ಟು ಹಣ ಇರಲಿಲ್ಲವೆಂದಲ್ಲ. ಇತ್ತು. ಹೊಳೆಯಲಿಲ್ಲ, ಅಷ್ಟೆ. ಹುಡುಗಿಯ ಆಟಕ್ಕೆ ಹಣ ಹಾಕುವ ರೂಢಿ ನಮಗೂ ಇರಲಿಲ್ಲ. ಮರುವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ. ಮನೆಯವರೆಲ್ಲ ದುಡಿಯಲು ಬೆಂಗಳೂರಿಗೆ ಹೋದರು ಎಂದು ತಿಳಿಯಿತು. ಎಲ್ಲೋ ಒಂದು ಕಟ್ಟಡದ ಕೆಲಸದಲ್ಲಿ ಮಣ್ಣು ಹೊತ್ತಿರಬೇಕು. ಈಗ ಅವಳಿಗೆ ಮಕ್ಕಳಿರಬಹುದು. ಚೈತ್ರಾ ಐದು ನಿಮಿಷ ಓಡಿದ ಸುದ್ದಿ ಓದಿದ ದಿನ ನಮ್ಮ ಕಣ್ಣ ಮುಂದೆ ಬಂದವಳು ಆ ಹುಡುಗಿ. ಅವಳಿಗೆ ಐದು ಲಕ್ಷವನ್ನು ಬೇಡವೆನ್ನುವ ಪ್ರಸಂಗವೇ ಬರಲಿಲ್ಲ.

2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಓದು ಬರಹ ಬಲ್ಲವರು ಅತಿ ಕಡಿಮೆ ಇದ್ದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ, ನೂರಕ್ಕೆ ಸುಮಾರು 52. ಹೆಂಗಸರಲ್ಲಿ ನೂರಕ್ಕೆ ಸುಮಾರು 41. ಓದಿಗೇ ಶಾಲೆಯಲ್ಲಿ ನಿಲ್ಲದ ಹುಡುಗಿ ಆಟಕ್ಕೆ ಎಲ್ಲಿ ನಿಂತಾಳು ಎಂದು ನೀವು ಕೇಳಬಹುದು. ನಮ್ಮ ಅನುಭವ ಉಲ್ಟಾ ಇದೆ. ಆಟ ಇದ್ದ ದಿನ ಹುಡುಗಿಯರು ಶಾಲೆ ತಪ್ಪಿಸುತ್ತಿರಲಿಲ್ಲ. ಗಣಿತದ ಪಿರಿಯಡ್ಡಿಗೆ ಬಾರದವರು ಸಂಜೆಯ ಖೋ ಖೋ ಸಲುವಾಗಿ ಬೆಳಿಗ್ಗೆಯಿಂದ ಕಾದು ಕುಳಿತಿರುತ್ತಿದ್ದರು, ಹಾಗೆ ಕುಳಿತಾಗ ಗಣಿತವೂ ಒಂದಿಷ್ಟು ಕಿವಿಗೆ ಬೀಳುತ್ತಿತ್ತು.

ಸುರಪುರದ ಸಭೆಯಲ್ಲಿ ಒಬ್ಬರು, ಸರ್ಕಾರ ಕ್ರೀಡಾಂಗಣ ಕಟ್ಟಿಸಲಿ, ಆಮೇಲೆ ನೋಡೋಣ ಎಂದರು. ಸರ್ಕಾರವನ್ನು ಕೇಳುವುದು ಕೇಳೋಣ, ಬಿಡುವುದಿಲ್ಲ. ಜಿಲ್ಲೆಗೊಬ್ಬ ಹೆಂಗಸು ಕೋಚು, ಹೆಣ್ಣುಮಕ್ಕಳ ತಂಡಕ್ಕೆ ಹೋಗಿಬರುವ ಖರ್ಚು, ಜೊತೆಗೊಬ್ಬ ಶಿಕ್ಷಕಿ, ದೇಶಕ್ಕೆ ಆಡಿದವಳಿಗೆ ನೌಕರಿಯ ನಿಯಮ, ಇಷ್ಟನ್ನೂ ಬರೆದು ಒಂದು ಮನವಿ ಸಿದ್ಧಮಾಡಿದ್ದೇವೆ. ಸಭೆ ಮುಗಿದ ಮೇಲೆ ಸಹಿ ಹಾಕಿ ಹೋಗಿರಿ. ಸಹಿ ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ. ಆದರೆ ಖೋ ಖೋಗೆ ಕ್ರೀಡಾಂಗಣವೇ ಬೇಕೆಂದು ಯಾರು ಹೇಳಿದರು? ನೆಲದಿಂದ ನಾಲ್ಕು ಅಡಿ ಮೇಲೆ ನಿಲ್ಲುವ ನುಣುಪಾದ ಎರಡು ಕಂಬ, ಗೆರೆ ಹಾಕಲು ಸುಣ್ಣ, ಕಲ್ಲು ಆರಿಸಿದ ನೆಲ, ಸಾಕು. ಬ್ಯಾಟು ಬೇಡ, ಚೆಂಡು ಬೇಡ, ಬಲೆ ಬೇಡ. ಬಡವರ ಆಟ ಎಂದು ಇದನ್ನು ಹೊಗಳುವವರಿದ್ದಾರೆ. ಬಡವರ ಆಟವೆಂದೇ ಇದರ ದರ ಇಳಿಸಿದವರೂ ಇದ್ದಾರೆ.

ಆದ್ದರಿಂದ ಮೂರೂ ಊರುಗಳಲ್ಲಿ ನಾವು ಕೇಳುತ್ತಿರುವುದು ಸಣ್ಣದು. ಈ ವರ್ಷ ತಾಲ್ಲೂಕು ಆಟಗಳಿಗೆ ಊರಿನ ಶಾಲೆಯಿಂದ ಹುಡುಗಿಯರ ಖೋ ಖೋ ತಂಡವೊಂದು ಹೋಗಬೇಕು. ಹನ್ನೆರಡು ಹುಡುಗಿಯರು, ಎರಡು ದಿನ. ಜೊತೆಗೆ ಹೋಗಲು ಇಬ್ಬರು ತಾಯಂದಿರು ಮುಂದೆ ಬರಬೇಕು. ಆ ಎರಡು ದಿನ ಯಾವ ತಾಯಿಯ ಕೂಲಿ ಹೋಗುತ್ತದೆಯೋ ಆ ಕೂಲಿಯನ್ನು ಊರು ತುಂಬಿಕೊಡಬೇಕು. ಇದು ಭಿಕ್ಷೆಯಲ್ಲ, ಇನಾಮೂ ಅಲ್ಲ. ಎಷ್ಟು ಎಂದು ಈಗಲೇ, ಆಟಕ್ಕೆ ಮುಂಚೆ, ಇಲ್ಲಿಯೇ ಗೊತ್ತುಮಾಡಿ ಬರೆದಿಡೋಣ. ಎಲ್ಲರಿಗೂ ಒಂದೇ ದರ.

ಗಿರಣಿಯ ಬಡಗಿಯೊಬ್ಬರು ಕಂಬಗಳನ್ನು ತಾವು ಕೆತ್ತಿಕೊಡುವುದಾಗಿ ಆಗಲೇ ಹೇಳಿದ್ದಾರೆ. ಸಂಜೆ ಬೀಡಿ ಸೇದುತ್ತ ನಮ್ಮ ಮುಖ ನೋಡಿದ ಹಮಾಲ ಗೆಳೆಯರು ಹಿಂದಿನ ಸಾಲಿನಿಂದ ಕೈ ಎತ್ತುತ್ತಿದ್ದಾರೆ. ನೆಲದ ಕಲ್ಲು ಆರಿಸುವ ಕೆಲಸ ಅವರ ಪಾಳಿಯದು ಎಂದು ಬರೆದುಕೊಳ್ಳುತ್ತೇವೆ. ಸುಣ್ಣದ ಚೀಲ ಒಂದು ಬೇಕು. ಅಂಗಡಿಯವರು ಯಾರು ಕೊಡುತ್ತೀರಿ?